ಕಟ್ಟು ಬಿಚ್ಚುವ ಮೊದಲು

ಮಗಳೇ, ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನಿನ್ನನ್ನು ಹಸ್ತಪ್ರತಿ ಮತ್ತು ವಿಶೇಷ ಸಂಗ್ರಹದ ವಿಭಾಗಕ್ಕೆ ಹಾಕಿದ್ದಾರೆಂದು ಕೇಳಿ ನನಗೆ ಸಂತೋಷವಾಯಿತು. ನಿನಗೆ ಅಷ್ಟೇನೂ ಆಗಿಲ್ಲವೆಂಬುದು ಫೋನಿನಲ್ಲೇ ಗೊತ್ತಾಯಿತು. ಜೊತೆಯವರಿಗೆಲ್ಲ ಕಂಪ್ಯೂಟರ್ ವಿಭಾಗ, ನನಗೆ ಮಾತ್ರ ಧೂಳಿನ ಕೋಣೆ ಅಂದೆ. ಧೂಳು ನಿಜ, ಅಲ್ಲಗಳೆಯುವುದಿಲ್ಲ. ಮೂಗಿಗೆ ಮಾಸ್ಕ್ ಕಟ್ಟಿಕೋ, ಕೆಲಸ ಮುಗಿದ ಮೇಲೆ ಕೈ ತೊಳೆಯದೆ ತಿಂಡಿ ಮುಟ್ಟಬೇಡ. ಅದೇ ಕೋಣೆಯಲ್ಲಿ ತಲೆ ನೆರೆಸಿಕೊಂಡವನು ನಾನು. ಕೇಳುವ ತಾಳ್ಮೆಯಿದ್ದರೆ ಕೆಲವು ಮಾತು ಹೇಳುತ್ತೇನೆ.

ಓಲೆಯ ಕಟ್ಟೊಂದು ಮೇಜಿನ ಮೇಲೆ ಬಂದು ಕೂತರೆ ದಾರ ಬಿಚ್ಚಿ ಓದಿಬಿಡೋಣ ಅಂತ ಕೈ ತುರಿಸುತ್ತದೆ. ಬಿಚ್ಚಬೇಡ. ಮೊದಲು ಅಕ್ಸೆಷನ್ ರಿಜಿಸ್ಟರ್ ತೆಗೆ. ತಂದವರು ಯಾರು, ಯಾವ ಊರು, ಯಾರ ಮನೆಯ ಅಟ್ಟದಲ್ಲಿತ್ತು, ಅವರಿಗೆ ಯಾರಿಂದ ಬಂತು, ಜೊತೆಗೆ ಇನ್ನೇನಿತ್ತು, ಇವನ್ನು ಅವರು ಎದುರಿಗೆ ಕೂತಿರುವಾಗಲೇ ಕೇಳಿ ಬರೆದುಕೋ. ಒಂದು ಲೋಟ ಕಾಫಿ ಕೊಡಿಸು, ಮಾತು ತಾನಾಗಿ ಬರುತ್ತದೆ. ಅವರು ಬಸ್ಸು ಹತ್ತಿ ಹೋದರೋ, ಆ ಸಂಗತಿಗಳೂ ಹೋದವು. ಓಲೆಯೊಳಗೆ ಏನಿದೆಯೆಂದು ಮುಂದಿನವರು ಯಾವಾಗ ಬೇಕಾದರೂ ಓದಿ ಹೇಳಿಯಾರು. ಅದು ಎಲ್ಲಿಂದ ಬಂತೆಂದು ಹೇಳಬಲ್ಲವಳು ಆ ಒಂದು ಗಳಿಗೆಯಲ್ಲಿ ನೀನೊಬ್ಬಳೇ.

ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ಕಥೆ ನಿನಗೆ ಗೊತ್ತಿದ್ದೀತು. 1891ರಲ್ಲಿ ಓರಿಯಂಟಲ್ ಲೈಬ್ರರಿ ಎಂದು ಶುರುವಾಗಿ, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ ಅದರ ಮಡಿಲಿಗೆ ಸೇರಿದ ಸಂಸ್ಥೆ ಅದು. 1905ರ ಹೊತ್ತಿಗೆ ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಗ್ರಂಥ ಲಿಪಿಯ ಒಂದು ಓಲೆಪ್ರತಿಯನ್ನು ಓದುತ್ತ, ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು. ಅಲ್ಲಿಯವರೆಗೆ ಆ ಕೃತಿಯನ್ನು ಬೇರೆ ಗ್ರಂಥಗಳ ಉಲ್ಲೇಖದಿಂದಷ್ಟೇ ಬಲ್ಲ ಲೋಕಕ್ಕೆ 1909ರಲ್ಲಿ ಅಚ್ಚಾದ ಮೂಲ ಸಿಕ್ಕಿತು, 1915ರಲ್ಲಿ ಅವರದೇ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ಪ್ರಾಚೀನ ಭಾರತದ ರಾಜ್ಯನೀತಿಯ ಬಗ್ಗೆ ಪಂಡಿತರು ಮಾತಾಡುತ್ತಿದ್ದ ಧಾಟಿಯೇ ಬದಲಾಯಿತು.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆ ಓಲೆಯನ್ನು ಮೈಸೂರಿಗೆ ತಂದುಕೊಟ್ಟವರು ಯಾರು? ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು. ಶಾಸ್ತ್ರಿಗಳು ತಮ್ಮ ಮುನ್ನುಡಿಯಲ್ಲಿ ಹೇಳಿದ್ದು ಅಷ್ಟೇ, ನೂರು ವರ್ಷಗಳಿಂದ ನಾವು ಹೇಳಿಕೊಂಡು ಬಂದದ್ದೂ ಅಷ್ಟೇ. ಹೆಸರಿಲ್ಲ. ಶಾಸ್ತ್ರಿಗಳ ಮೇಲೆ ತಪ್ಪು ಹೊರಿಸುವಷ್ಟು ದೊಡ್ಡವನು ನಾನಲ್ಲ. ಆ ಕಾಲಕ್ಕೆ ಅದೇ ರೂಢಿ. ಆದರೂ ಯೋಚಿಸು: ಹೆಸರು, ಊರು ಇದ್ದಿದ್ದರೆ ಆ ಮನೆಯಲ್ಲಿ ಇನ್ನೇನು ಓಲೆಗಳಿದ್ದವು, ಅವರಿಗೆ ಯಾವ ಗುರುಪರಂಪರೆಯಿಂದ ಬಂದಿದ್ದವು ಎಂದು ಹುಡುಕಿಕೊಂಡು ಹೋಗಬಹುದಿತ್ತು. ನಿನ್ನ ರಿಜಿಸ್ಟರಿನಲ್ಲಿ 'ಒಬ್ಬರು ಕೊಟ್ಟರು' ಎಂಬ ಸಾಲು ಕಾಣದಿರಲಿ.

ಈಗ ಕಟ್ಟು ಬಿಚ್ಚು. ಮೇಜಿನ ಮೇಲೆ ಬಿಳಿ ಹತ್ತಿಬಟ್ಟೆ ಹಾಸಿಕೋ, ಒಡೆದು ಬಿದ್ದ ಚೂರು ಅದರಲ್ಲಿ ಕಾಣುತ್ತದೆ. ಮೇಲಿನ ಹಲಗೆ ತೆಗೆದು ಪಕ್ಕಕ್ಕಿಡು. ಹಲಗೆಯ ಒಳಮೈಯಲ್ಲೂ ಬರಹ ಇದ್ದೀತು, ನೋಡು. ಗರಿಗಳು ಒಂದಕ್ಕೊಂದು ಅಂಟಿದ್ದರೆ ಎಳೆಯಬೇಡ, ಬಲ್ಲವರ ಕೈಗೆ ಕೊಡು. ಅಂಚಿನಲ್ಲಿ ಗರಿಯ ಅಂಕಿ ಇರುತ್ತದೆ. ಹಳೆಯ ಕೈಬರಹದಲ್ಲಿ ೬ ಮತ್ತು ೯ ಕಣ್ಣಿಗೆ ಮೋಸ ಮಾಡುತ್ತವೆ, ಹಿಂದಿನ ಮುಂದಿನ ಗರಿ ಓದಿಯೇ ತೀರ್ಮಾನಿಸು. ಅಂಕಿಗೂ ಪಾಠಕ್ಕೂ ಹೊಂದಿಕೆಯಾಗದಿದ್ದರೆ ಗರಿಗಳನ್ನು ಅತ್ತಿತ್ತ ಮಾಡಿ ಸರಿಪಡಿಸಲು ಹೋಗಬೇಡ. ಇದ್ದ ಕ್ರಮವನ್ನು ಹಾಳೆಯಲ್ಲಿ ಗುರುತು ಹಾಕಿಕೋ. ಆ ಕ್ರಮ ಯಾಕೆ ಹಾಗಿತ್ತೆಂದು ನಾಳೆ ಇನ್ನೊಬ್ಬರಿಗೆ ಹೊಳೆದೀತು.

ಮೊದಲ ಗರಿಯೊಂದನ್ನೇ ಓದಿ ಕೃತಿಯ ಹೆಸರು ಬರೆದು ಮುಗಿಸುವವರಿದ್ದಾರೆ. ಒಂದೇ ಕಟ್ಟಿನಲ್ಲಿ ನಾಲ್ಕಾರು ಕೃತಿಗಳು ಸೇರಿರುವುದು ನಮ್ಮಲ್ಲಿ ಸಾಮಾನ್ಯ. ಮುಂದೆ ಜೈಮಿನಿ ಭಾರತ, ಹಿಂದೆ ಒಂದಿಷ್ಟು ವೈದ್ಯ, ಕೊನೆಯಲ್ಲಿ ಸಾಲದ ಲೆಕ್ಕ. ಲೆಕ್ಕವನ್ನು ಕಸವೆಂದುಕೊಳ್ಳಬೇಡ, ರಾಗಿಯ ಧಾರಣೆ ತಿಳಿಯಬೇಕೆಂದು ಇತಿಹಾಸದವರು ಹುಡುಕುವುದು ಅದನ್ನೇ. ಕುಮಾರವ್ಯಾಸ ಭಾರತದ ಇನ್ನೊಂದು ಪ್ರತಿ ಬಂದರೆ 'ಇದು ನಮ್ಮಲ್ಲಿದೆ' ಎಂದು ವಾಪಸು ಕಳಿಸಲೂ ಬೇಡ. ಕೈಯಲ್ಲಿ ಬರೆದದ್ದಕ್ಕೆ ನಕಲು ಎಂಬುದಿಲ್ಲ. ಪಂಪ ತನ್ನ ಕೈಯಾರೆ ಬರೆದ ಓಲೆಯನ್ನು ಇವತ್ತು ಯಾರೂ ಕಂಡಿಲ್ಲ. ಓಲೆಯ ಆಯುಸ್ಸು ಕೆಲವು ನೂರು ವರ್ಷ. ಅದು ಸವೆಯುವ ಮೊದಲು ಯಾರೋ ಪ್ರತಿ ಮಾಡಿದರು, ಆ ಪ್ರತಿ ಸವೆಯುವಾಗ ಮತ್ತ್ಯಾರೋ. ಅವನ 941ರ ಕಾವ್ಯ ನಮ್ಮವರೆಗೆ ಬಂದದ್ದು ಹೀಗೆ. ಒಬ್ಬ ಲಿಪಿಕಾರ ಬಿಟ್ಟ ಸಾಲನ್ನು ಇನ್ನೊಬ್ಬ ಉಳಿಸಿರುತ್ತಾನೆ. ಡಿ.ಎಲ್. ನರಸಿಂಹಾಚಾರ್ಯರು 1949ರಲ್ಲಿ ವಡ್ಡಾರಾಧನೆಯನ್ನು ಹೊರತಂದಾಗ ನಂಬಿದ್ದು ಇಂಥ ಪ್ರತಿಗಳ ಹೋಲಿಕೆಯನ್ನೇ.

ಕಟ್ಟಿನ ಕೊನೆಯ ಗರಿಯಲ್ಲಿ ಲಿಪಿಕಾರ ತನ್ನ ಬಗ್ಗೆ ಬರೆದುಕೊಂಡಿರುತ್ತಾನೆ. ಅದನ್ನು ಒಂದಕ್ಷರ ಬಿಡದೆ ಎತ್ತಿಕೋ, ಕಾಗುಣಿತದ ತಪ್ಪುಗಳ ಸಮೇತ. ಅಲ್ಲಿ ಬರೀ 'ಪ್ರಭವ ಸಂವತ್ಸರ' ಅಂತಿದ್ದರೆ ಇಸವಿ ಹಾಕುವ ಉತ್ಸಾಹ ಬೇಡ. ಅರವತ್ತು ವರ್ಷಕ್ಕೊಮ್ಮೆ ಪ್ರಭವ ಬರುತ್ತದೆ. 1807 ಆದೀತು, 1867 ಆದೀತು, ಅದಕ್ಕೂ ಹಿಂದಿನದಾದೀತು. ತಿಥಿ, ವಾರ ಎರಡೂ ಇದ್ದರೆ ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗದ ಕೋಷ್ಟಕ ತೆರೆದು ತಾಳೆ ನೋಡು. ತಾಳೆಯಾಗದಿದ್ದರೆ ಇದ್ದದ್ದನ್ನು ಇದ್ದ ಹಾಗೆ ಬರೆದು ಬಿಡು. ಕ್ಯಾಟಲಾಗಿನಲ್ಲಿ ಒಮ್ಮೆ ಅಚ್ಚಾದ ಊಹೆ ಪ್ರಬಂಧಗಳಿಗೆಲ್ಲ ಹತ್ತಿಕೊಳ್ಳುತ್ತದೆ, ಅದನ್ನು ಕೀಳಲು ಇನ್ನೊಂದು ತಲೆಮಾರೇ ಬೇಕು.

ರಿಪೇರಿಯ ವಿಷಯದಲ್ಲಿ ನಾನು ಸ್ವಲ್ಪ ಜಿಪುಣ. ಹರಿದ ಕಾಗದಕ್ಕೆ ಸೆಲ್ಲೋ ಟೇಪ್ ಅಂಟಿಸುವವರನ್ನು ಕಂಡರೆ ಇವತ್ತಿಗೂ ಸಿಟ್ಟು ಬರುತ್ತದೆ. ಟೇಪು ಒಣಗಿ ಉದುರುತ್ತದೆ, ಗೋಂದು ಹಳದಿಯಾಗಿ ಕಾಗದದೊಳಗೆ ಇಳಿದು ಅಲ್ಲೇ ಉಳಿಯುತ್ತದೆ. ಲ್ಯಾಮಿನೇಷನ್ನೂ ಅಷ್ಟೇ. ನೀನು ಮಾಡಿದ್ದನ್ನು ನಾಳೆ ಬಂದವರು ಕಾಗದಕ್ಕೆ ನೋವಾಗದಂತೆ ಬಿಚ್ಚುವ ಹಾಗಿದ್ದರೆ ಮಾಡು, ಇಲ್ಲವಾದರೆ ಬಟ್ಟೆಯಲ್ಲಿ ಸುತ್ತಿಟ್ಟು ಬಿಡು. ಓಲೆಗೆ ನಿಂಬೆಹುಲ್ಲಿನ ಎಣ್ಣೆ ಸವರುವುದು ನಮ್ಮ ಹಳೆಯ ಕ್ರಮ, ಒಳ್ಳೆಯದೇ. ಕಂಟದಿಂದ, ಅಂದರೆ ಓಲೆ ಬರೆಯುವ ಕಬ್ಬಿಣದ ಲೇಖನಿಯಿಂದ, ಕೊರೆದ ಅಕ್ಷರಕ್ಕೆ ಕಾಡಿಗೆ ತುಂಬಿದರೆ ಸ್ಪಷ್ಟವಾಗಿ ಕಾಣುತ್ತದೆ, ಅದೂ ಸರಿ. ಆದರೆ ಮೂಡುಬಿದಿರೆಯ ಧವಳ ಗ್ರಂಥಗಳ ಹಾಗೆ ಮಸಿಯಲ್ಲಿ ಬರೆದ ಓಲೆಗಳೂ ಉಂಟು. ಕೊರೆದದ್ದೋ ಬರೆದದ್ದೋ ನೋಡದೆ ಎಣ್ಣೆಬಟ್ಟೆ ಒತ್ತಿದರೆ ಅಕ್ಷರ ಬಟ್ಟೆಗೆ ಬಂದೀತು.

ನಿನ್ನ ಕಾಲಕ್ಕೆ ಓಲೆಗಿಂತ ಹೆಚ್ಚಾಗಿ ಬರುವುದು ಕಾಗದದ ಮೂಟೆ. ಊರಿನ ಹಿರಿಯ ಮೇಷ್ಟ್ರೋ ನಾಟಕದ ಕಂಪನಿಯ ಯಜಮಾನರೋ ತೀರಿಕೊಳ್ಳುತ್ತಾರೆ, ಮಕ್ಕಳು ಮನೆ ಮಾರುವ ಮೊದಲು ಗೋಣಿಚೀಲ ತುಂಬಿ ತಂದು ಇಳಿಸುತ್ತಾರೆ. ರದ್ದಿಯವನಿಗೆ ಹಾಕದೆ ತಂದರಲ್ಲ, ಅದಕ್ಕೇ ಕೈ ಮುಗಿ. ಕಾಗದಗಳನ್ನು 'ಸಾಹಿತ್ಯ', 'ವೈಯಕ್ತಿಕ' ಎಂದು ಗುಡ್ಡೆ ಮಾಡಬೇಡ. ಮನೆಯ ಯಜಮಾನ ಕಟ್ಟಿಟ್ಟ ಕಂತೆ ಕಂತೆಯಾಗಿಯೇ ಇರಲಿ. ಕಾಗದದ ಜೊತೆ ಲಕೋಟೆಯೂ ಇರಲಿ, ತಾರೀಖು ಹಾಕದ ಪತ್ರಕ್ಕೆ ಅಂಚೆಯ ಮುದ್ರೆಯೇ ಸಾಕ್ಷಿ. ತೆಗೆಯಬೇಕಾದ್ದು ತುಕ್ಕು ಹಿಡಿದ ಗುಂಡುಪಿನ್ನು ಮಾತ್ರ. ಬದುಕಿರುವವರ ಗುಟ್ಟು ಅದರೊಳಗಿದ್ದರೆ ಎಷ್ಟು ವರ್ಷ ಮುಚ್ಚಿಡಬೇಕೆಂದು ಮನೆಯವರಿಂದ ಬರವಣಿಗೆಯಲ್ಲಿ ತೆಗೆದುಕೋ. ಕಾರಿಡಾರಿನಲ್ಲಿ ಹರಟಬೇಡ.

ಸ್ಕ್ಯಾನ್ ಮಾಡಿದ ಮೇಲೆ ಮೂಲ ಯಾಕೆ ಬೇಕು ಎಂದು ಯಾರಾದರೂ ಅಧಿಕಾರಿ ಕೇಳಿಯೇ ಕೇಳುತ್ತಾರೆ. ಸ್ಕ್ಯಾನ್ ಬೇಡವೆನ್ನುವ ಮುದುಕ ನಾನಲ್ಲ. ಗರಿಯನ್ನು ಪದೇ ಪದೇ ಮುಟ್ಟುವುದು ಅದರಿಂದ ತಪ್ಪುತ್ತದೆ, ದೂರದ ಊರಿನವರಿಗೂ ಪಾಠ ಸಿಗುತ್ತದೆ. ಆದರೆ ಖಾಲಿ ಗರಿ, ಹಲಗೆ, ಬೆನ್ನು ಎಲ್ಲವೂ ಅದರಲ್ಲಿ ಬರಬೇಕು. ಪ್ರತಿ ಚಿತ್ರಕ್ಕೂ ರಿಜಿಸ್ಟರಿನ ಸಂಖ್ಯೆ ಇರಬೇಕು. ಹೆಸರಿಲ್ಲದ ಸಾವಿರ ಚಿತ್ರಗಳ ಹಾರ್ಡ್ ಡಿಸ್ಕಿನಲ್ಲಿ ಏನಿದೆಯೆಂದು ಅದನ್ನು ತುಂಬಿದವನು ವರ್ಗವಾಗಿ ಹೋದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಕಡೆಗೆ ಓದುಗರು. ಪೆನ್ನು ಹೊರಗೆ, ಪೆನ್ಸಿಲ್ ಒಳಗೆ, ಒಂದು ಸಲಕ್ಕೆ ಒಂದೇ ಕಟ್ಟು: ಈ ನಿಯಮಗಳನ್ನು ಕುಲಪತಿಗಳು ಬಂದರೂ ಸಡಿಲಿಸಬೇಡ. ಆದರೆ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಮೇಲೆ ಕೆಲವರಿಗೆ ಸಂಗ್ರಹ ತಮ್ಮ ಪಿತ್ರಾರ್ಜಿತವೆನ್ನಿಸಿಬಿಡುತ್ತದೆ. ಹೆಸರಾಂತ ಪ್ರಾಧ್ಯಾಪಕರಿಗೆ ಕಪಾಟು ತೆರೆಯುತ್ತಾರೆ, ತಾಲ್ಲೂಕಿನ ಕಾಲೇಜಿನಿಂದ ಬಂದ ಹುಡುಗನಿಗೆ 'ಪಟ್ಟಿ ಇನ್ನೂ ಆಗಿಲ್ಲ' ಎನ್ನುತ್ತಾರೆ. ನೀನು ಹಾಗಾಗಬೇಡ ಮಗಳೇ. ನಾಳೆಯೋ ನಾಡಿದ್ದೋ ಯಾವುದೋ ಹಳ್ಳಿಯ ಹುಡುಗಿ ಬೆಳಗಿನ ಮೊದಲ ಬಸ್ಸಿಗೆ ಬಂದು, ಗೈಡ್ ಕೊಟ್ಟ ಪತ್ರ ಹಿಡಿದು ಬಾಗಿಲಲ್ಲಿ ಹೆದರಿ ನಿಂತಿರುತ್ತಾಳೆ. ಅವಳನ್ನು ಒಳಗೆ ಕರೆದು ಕೂರಿಸಿ ಕುಡಿಯಲು ನೀರು ಕೊಡು, ಅವಳು ಕೇಳಿದ ಕಟ್ಟನ್ನು ಅವತ್ತೇ ತೆಗೆದುಕೊಡು.