ಜ್ವರದ ಜೊತೆ ಹೊಲದ ಮಾತನ್ನೂ ಹೇಳಿರಿ



ಸಂತ ಲೂಕರು ವೈದ್ಯರಾಗಿದ್ದರೆಂದು ಸಂತ ಪೌಲರ ಪತ್ರದಿಂದ ಬಲ್ಲೆವು. ಆ ಕಾಲದ ವೈದ್ಯರಿಗೆ ರಕ್ತಪರೀಕ್ಷೆ ಇರಲಿಲ್ಲ. ರೋಗಿಯ ಮಾತು ಕೇಳಬೇಕು, ಮೈ ನೋಡಬೇಕು, ಅಷ್ಟೇ. ಯಂತ್ರಗಳು ಬಂದ ಮೇಲೂ ವೈದ್ಯ ವಿದ್ಯಾರ್ಥಿಗಳು ಈ ವಿದ್ಯೆಯನ್ನು ಬಿಟ್ಟಿಲ್ಲ. ಈಗ ಮೊಬೈಲಿನಲ್ಲಿ ಕೇಳಿಯೂ ಕಲಿಯುತ್ತಾರೆ. ಅಮೆರಿಕದ ವೈದ್ಯರು 2018ರಲ್ಲಿ ಆರಂಭಿಸಿದ ‘ಕ್ಲಿನಿಕಲ್ ಪ್ರಾಬ್ಲಮ್ ಸಾಲ್ವರ್ಸ್’ ಎಂಬ ಧ್ವನಿ ಕಾರ್ಯಕ್ರಮ ಅಂಥದ್ದು. ಒಬ್ಬರು ರೋಗಿಯ ವಿಷಯವನ್ನು ತುಸುತುಸುವಾಗಿ ಹೇಳುತ್ತಾರೆ. ಮುಂದೇನೆಂದು ತಿಳಿಯದ ಇನ್ನೊಬ್ಬ ವೈದ್ಯರು ತಮ್ಮ ಯೋಚನೆಯನ್ನು ಬಾಯಿಬಿಟ್ಟು ಹೇಳುತ್ತ ಹೋಗುತ್ತಾರೆ. ಕೇಳುವವರು ನಡುವೆ ನಿಲ್ಲಿಸಿ ತಾವೂ ಊಹಿಸಬಹುದು.

ಇದನ್ನು ನಮ್ಮ ಕೊರೋಚಿ, ಇಚಲಕರಂಜಿ ಕಡೆಯ ಕಬ್ಬಿನ ಹೊಲಕ್ಕೆ ಹೊಂದಿಸಿ ನೋಡೋಣ. ನಲವತ್ತು ವರ್ಷದ ಒಬ್ಬ ರೈತ ಎಂದಿಟ್ಟುಕೊಳ್ಳಿ. ನಾಲ್ಕು ದಿನದಿಂದ ಜ್ವರ, ತಲೆನೋವು, ಮೈಕೈ ನೋವು. ಇಷ್ಟೇ ಕೇಳಿದ ವೈದ್ಯರು ಡೆಂಗಿ, ಮಲೇರಿಯಾ, ಟೈಫಾಯಿಡ್ ಎಂದು ಯೋಚಿಸುತ್ತಾರೆ. ಕಣ್ಣು ಕೆಂಪಾಗಿದೆ, ಮೀನಖಂಡ ಮುಟ್ಟಿದರೆ ನೋವು ಎಂದು ಗೊತ್ತಾದಾಗ ಇಲಿ ಜ್ವರವೂ ಪಟ್ಟಿಗೆ ಸೇರುತ್ತದೆ. ವಾರದ ಹಿಂದೆ ಬರಿಗಾಲಲ್ಲಿ ನಿಂತು ಕಬ್ಬಿಗೆ ನೀರು ಹಾಯಿಸಿದ್ದ, ಪಾದದಲ್ಲಿ ಗಾಯವಿತ್ತು, ಹೊಲದಲ್ಲಿ ಇಲಿಗಳ ಕಾಟ ಎಂದಾಗ ಅದು ಪಟ್ಟಿಯ ತುದಿಗೇ ಏರುತ್ತದೆ. ಇಲಿಯ ಮೂತ್ರ ಬೆರೆತ ನೀರಿನಿಂದ ರೋಗಾಣು ಗಾಯದ ಮೂಲಕ ಒಳಸೇರುತ್ತದೆ. ಹಾಗೆಂದು ಡೆಂಗಿಯನ್ನು ಕೂಡಲೇ ಬಿಡುವುದಿಲ್ಲ. ಎರಡರಲ್ಲೂ ಪ್ಲೇಟ್‌ಲೆಟ್ ಇಳಿಯಬಹುದು. ಮೊದಲ ಊಹೆಗೇ ಅಂಟಿಕೊಳ್ಳುವುದು ವೈದ್ಯರೂ ಮಾಡುವ ತಪ್ಪು. ಈ ಚರ್ಚೆಗಳಲ್ಲಿ ಅದನ್ನು ಅವರೇ ಒಪ್ಪಿಕೊಳ್ಳುತ್ತಾರೆ, ನಮಗೆ ಹಿಡಿಸಿದ್ದು ಅದೇ.

ಆದರೆ ಹೊಲದ ಮಾತು ಹೊರಬರುವುದೇ ಕಷ್ಟ. ಡಾಕ್ಟರರು ಮರಾಠಿಯಲ್ಲಿ ಕೇಳುತ್ತಾರೆ, ನಮ್ಮ ಅಜ್ಜಿಯರು ಕನ್ನಡದಲ್ಲಿ ಹೇಳುತ್ತಾರೆ, ಜೊತೆಗೆ ಹೋದ ಮೊಮ್ಮಗ “ಜ್ವರ ಬಂದಿದೆ, ಸೂಜಿ ಹಾಕಿರಿ” ಎಂದು ಮುಗಿಸಿಬಿಡುತ್ತಾನೆ!

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಸುತ್ತ ಜನ ಜ್ವರದಿಂದ ಮಲಗಿದರು, ಕಾಡಿನಲ್ಲಿ ಮಂಗಗಳು ಸತ್ತವು. ಇವೆರಡನ್ನೂ ಸೇರಿಸಿ ನೋಡಿದ್ದರಿಂದಲೇ ತನಿಖೆಗೆ ದಾರಿ ಸಿಕ್ಕಿತು. ಮೊದಲು ಹಳದಿ ಜ್ವರವಿರಬಹುದೆಂಬ ಶಂಕೆ ಇತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿದಾಗ ಉಣ್ಣೆ ಹುಳುವಿನಿಂದ ಹರಡುವ ಬೇರೆಯೇ ವೈರಸ್ ಎಂದು ತಿಳಿಯಿತು. ಸತ್ತ ಮಂಗ ಕೂಡ ರೋಗದ ಕಥೆಯ ಭಾಗವಾಗಿತ್ತು.

ಆದ್ದರಿಂದ ಜ್ವರವೆಂದು ಹೋದಾಗ ಎಷ್ಟು ದಿನವಾಯಿತು, ಯಾವ ಕೆಲಸ ಮಾಡಿದಿರಿ, ಯಾವ ನೀರಿನಲ್ಲಿ ನಿಂತಿರಿ ಎಂಬುದನ್ನು ಕೇಳದಿದ್ದರೂ ಹೇಳಿರಿ. ಎಮ್ಮೆ ಕಂದು ಹಾಕಿದ್ದರೆ, ಹಸಿ ಹಾಲು ಕುಡಿದಿದ್ದರೆ ಅದನ್ನೂ ಹೇಳಿರಿ; ವಾರಗಟ್ಟಲೆ ಬಿಡದ ಜ್ವರಕ್ಕೆ ಬ್ರೂಸೆಲ್ಲಾ ರೋಗಾಣು ಕಾರಣವಿರಬಹುದು. ಕಂಕುಳು, ತೊಡೆಸಂದಿಯಲ್ಲಿ ನೋವಿಲ್ಲದ ಕಪ್ಪು ಹಕ್ಕಳೆ ಇದ್ದರೆ ನಾಚದೆ ತೋರಿಸಿರಿ. ಅದು ಸ್ಕ್ರಬ್ ಟೈಫಸ್ ಎಂಬ ಜ್ವರದ ಗುರುತು. ಎಣ್ಣೆ ಹೊಡೆದ ಮೇಲೆ ಬೆವರು, ಜೊಲ್ಲು, ವಾಂತಿ ಶುರುವಾದರೆ ಔಷಧಿಯ ಡಬ್ಬಿಯನ್ನೇ ಜೊತೆಗೆ ಒಯ್ಯಿರಿ. ಜ್ವರದಲ್ಲಿ ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ ಸಂತೆಯ ದಿನಕ್ಕೆ ಕಾಯದೆ ಅಂದೇ ದೊಡ್ಡ ಆಸ್ಪತ್ರೆಗೆ ಹೊರಡಿರಿ.