ಉಲ್ಲೇಖಗಳ ಎಣಿಕೆ ಮತ್ತು ಸಂಶೋಧನೆಯ ಬೆಲೆ

ನಂಜನಗೂಡಿನ ರಸಬಾಳೆಯ ತೋಟಕ್ಕೆ ಪನಾಮ ಸೊರಗು ರೋಗ ತಗುಲಿತೆಂದರೆ, ರೈತನಿಗೆ ಬೇಕಾಗುವುದು ರೋಗವಿಲ್ಲದ, ತಳಿ ಕೆಡದ ಸಸಿ. ಅಲ್ಲಿಂದ ಕಪಿಲೆಯ ಹರಿವಿನೊಡನೆ ಕೆಳಗೆ ಸಾಗಿದರೆ, ಆ ನದಿ ಕಾವೇರಿಯನ್ನು ಕೂಡುವೆಡೆಯಲ್ಲಿ ತಿರುಮಕೂಡಲು ನರಸೀಪುರವಿದೆ. ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಕಾರ್ಖಾನೆಗೆ ಈ ಊರು ಹೆಸರಾದುದು. ಆ ಸೀಮೆಯ ಹುಳು ಸಾಕುವವರಿಗೆ ಬೇಕಾಗುವುದು ಹಾಲುತೊಂಡೆ ರೋಗಕ್ಕೆ ಬಲಿಯಾಗದ ಹುಳು. ಬಾಳೆ ಬೇರೆ, ಹುಳು ಬೇರೆ. ಆದರೆ ತಳಿಯ ಗುರುತನ್ನು ಡಿ.ಎನ್.ಎ.ಯಲ್ಲಿ ಹುಡುಕುವ ಆಣ್ವಿಕ ಜೀವವಿಜ್ಞಾನವು ಎರಡಕ್ಕೂ ನೆರವಾಗಬಲ್ಲುದು. ಈ ಶಾಸ್ತ್ರದಲ್ಲಿ ದುಡಿದ ವಿಜ್ಞಾನಿಯ ಕೆಲಸವನ್ನು ಅಳೆಯುವುದು ಹೇಗೆ?

ವಿಜ್ಞಾನಿಯು ಲೇಖನ ಬರೆಯುವಾಗ ತಾನು ಆಧರಿಸಿದ ಹಿಂದಿನ ಲೇಖನಗಳನ್ನು ಕೊನೆಯಲ್ಲಿ ಹೆಸರಿಸುತ್ತಾನೆ. ಇದಕ್ಕೆ ಉಲ್ಲೇಖವೆನ್ನುವರು. ಯಾವ ಲೇಖನವನ್ನು ಯಾರು ಉಲ್ಲೇಖಿಸಿದರೆಂಬ ಸೂಚಿಯನ್ನು ಸಿದ್ಧಪಡಿಸಬೇಕೆಂದು ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಸೂಚಿಸಿದರು. 1964ರಲ್ಲಿ ಅದು ಪ್ರಕಟವಾಯಿತು. 2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಷ್ ಇನ್ನೊಂದು ಅಳತೆಯನ್ನು ಕೊಟ್ಟರು. ಒಬ್ಬರ ಐದು ಲೇಖನಗಳಿಗೆ ಕ್ರಮವಾಗಿ 20, 9, 4, 3, 1 ಉಲ್ಲೇಖಗಳು ಬಂದಿವೆಯೆಂದಿಟ್ಟುಕೊಳ್ಳೋಣ. ಕನಿಷ್ಠ 3 ಉಲ್ಲೇಖಗಳಿರುವ ಲೇಖನಗಳು ಮೂರಾದರೂ ಇವೆ. ಆದರೆ ಕನಿಷ್ಠ 4 ಉಲ್ಲೇಖಗಳಿರುವ ಲೇಖನಗಳು ನಾಲ್ಕಿಲ್ಲ. ಆದುದರಿಂದ ಅವರ ಹಿರ್ಷ್ ಅಂಕ 3.

ಈಗ ನಮ್ಮ ನಾಡಿನ ಒಬ್ಬ ವಿಜ್ಞಾನಿಯ ಕೆಲಸವನ್ನು ನೋಡೋಣ. ಜವರೇಗೌಡ ನಾಗರಾಜು (1954–2012) ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿದವರು. ರೇಷ್ಮೆಹುಳುವಿನ ತಳಿಶಾಸ್ತ್ರದಲ್ಲಿ ಪಳಗಿ, ಮುಂದೆ ಹೈದರಾಬಾದಿನ ಡಿ.ಎನ್.ಎ. ಬೆರಳಚ್ಚು ಮತ್ತು ರೋಗನಿದಾನ ಕೇಂದ್ರದಲ್ಲಿ ಪ್ರಯೋಗಶಾಲೆಯನ್ನು ಕಟ್ಟಿದರು. ಜೀವಿಗಳ ಡಿ.ಎನ್.ಎ.ಯಲ್ಲಿ ಚಿಕ್ಕ ಅಕ್ಷರಸರಣಿಗಳು ಮತ್ತೆ ಮತ್ತೆ ಬರುವ ತಾಣಗಳುಂಟು. ಅಂಥ ಎರಡು ತಾಣಗಳ ನಡುವಣ ತುಂಡನ್ನು ಹಲವು ಮಡಿ ನಕಲು ಮಾಡಿ, ತುಂಡುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸಿದರೆ ಪಟ್ಟೆಗಳ ಸಾಲೊಂದು ಕಾಣುವುದು. ಪಟ್ಟೆಗಳ ಸಾಲು ತಳಿಯಿಂದ ತಳಿಗೆ ಬೇರೆ. ಈ ವಿಧಾನವನ್ನು ಜಿಯೆಟ್ಕಿಯೆವಿಚ್ ಮತ್ತು ಇಬ್ಬರು ಸಂಗಡಿಗರು 1994ರಲ್ಲಿ ಪ್ರಕಟಿಸಿದ್ದರು. ನಾಗರಾಜು ಮತ್ತು ಸಂಗಡಿಗರು 1999ರಲ್ಲಿ ಇದನ್ನು ರೇಷ್ಮೆಹುಳುವಿನ ತಳಿಗಳಿಗೆ ಅನ್ವಯಿಸಿದರು. 2002ರಲ್ಲಿ ಇದೇ ಬಗೆಯ ಗುರುತುಗಳಿಂದ ಬಾಸ್ಮತಿ ಅಕ್ಕಿಯ ತಳಿಗಳನ್ನು ಇತರ ಭತ್ತಗಳಿಂದ ಬೇರ್ಪಡಿಸಿ ತೋರಿಸಿದರು. 2007ರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು ನಂಜನಗೂಡು ರಸಬಾಳೆಯ ಅಂಗಾಂಶ ಕೃಷಿಯ ಸಸಿಗಳನ್ನು ಇದೇ ವಿಧಾನದಿಂದಲೂ ಪರೀಕ್ಷಿಸಿ, ಅವುಗಳಲ್ಲಿ ತಳಿಯ ಮಾರ್ಪಾಟು ಕಾಣಲಿಲ್ಲವೆಂದು ವರದಿ ಮಾಡಿದರು.

ಇಲ್ಲಿ ಉಲ್ಲೇಖದ ನಿಜವಾದ ಪ್ರಯೋಜನ ಕಾಣುತ್ತದೆ. ಒಂದೆಡೆ ಹುಟ್ಟಿದ ವಿಧಾನವು ಹುಳುವಿಗೆ, ಭತ್ತಕ್ಕೆ, ಬಾಳೆಗೆ ಹೇಗೆ ಹಬ್ಬಿತೆಂಬುದನ್ನು ಅದು ತಿಳಿಸುತ್ತದೆ. ಆದರೆ ಎಣಿಕೆಯು ವಿಧಾನಗಳ ಕಡೆಗೇ ವಾಲುತ್ತದೆಂಬುದನ್ನೂ ಗಮನಿಸಬೇಕು. ಪ್ರೋಟೀನನ್ನು ಅಳೆಯುವ ಕ್ರಮವನ್ನು ವಿವರಿಸಿದ ಲೌರಿ ಮತ್ತು ಸಂಗಡಿಗರ 1951ರ ಲೇಖನವನ್ನು 2014ರ ಹೊತ್ತಿಗೆ 3 ಲಕ್ಷಕ್ಕೂ ಹೆಚ್ಚು ಬಾರಿ ಉಲ್ಲೇಖಿಸಲಾಗಿತ್ತು. ಪ್ರಯೋಗಶಾಲೆಗಳಲ್ಲಿ ದಿನವೂ ಬೇಕಾಗುವ ಉಪಕರಣದಂತೆ ಅದು ಬಳಕೆಗೆ ಬಂದಿತು; ಅದಕ್ಕಿಂತ ಆಳವಾದ ಶೋಧನೆಗಳಿಗೂ ಅಷ್ಟು ಉಲ್ಲೇಖಗಳು ಬಂದಿಲ್ಲ.

ಎರಡನೆಯ ಮಾತು, ಓದುಗರ ಸಂಖ್ಯೆ. ಭತ್ತದ ಮೇಲೆ ಸಂಶೋಧನೆ ನಡೆಸುವವರು ಜಗತ್ತಿನಲ್ಲಿ ಬಹಳ ಮಂದಿ. ರೇಷ್ಮೆಹುಳುವಿನ ಮೇಲೆ ದುಡಿಯುವವರು ಕೆಲವೇ ದೇಶಗಳಲ್ಲಿರುವರು. ಆದುದರಿಂದ ಒಬ್ಬನೇ ವಿಜ್ಞಾನಿ ಸಮಾನ ಶ್ರಮದಿಂದ ಬರೆದ ಎರಡು ಲೇಖನಗಳಿಗೆ ಸಮಾನ ಉಲ್ಲೇಖ ಬರಬೇಕೆಂದಿಲ್ಲ. ಹುಳುವಿನ ಲೇಖನಕ್ಕೆ ಅಂಕ ಕಡಮೆಯೆಂದು ನರಸೀಪುರದ ಸೀಮೆಗೆ ಅದರ ಬೆಲೆ ಕಡಮೆಯಾಗದು.

ಮೂರನೆಯದು, ಶ್ರಮದ ಹಂಚಿಕೆ. ಹಾಲುತೊಂಡೆ ರೋಗವನ್ನು ತರುವ ವೈರಸ್ಸಿನ ನಾಲ್ಕು ಮುಖ್ಯ ಜೀನುಗಳನ್ನು ಅಡಗಿಸಿ, ರೋಗವನ್ನು ತಡೆಯಬಲ್ಲ ಹುಳುವನ್ನು ರೂಪಿಸಿದ ವರದಿಯು ‘ಜೆನೆಟಿಕ್ಸ್’ ಪತ್ರಿಕೆಯ 2013ರ ಜನವರಿ ಸಂಚಿಕೆಯಲ್ಲಿ ಬಂದಿತು. ಭಾರತ ಮತ್ತು ಫ್ರಾನ್ಸಿನ ಹತ್ತಕ್ಕೂ ಹೆಚ್ಚು ಮಂದಿ ಅದರ ಲೇಖಕರು. ಕೊನೆಯ ಹೆಸರು ನಾಗರಾಜು ಅವರದು. ಅವರಾದರೋ 2012ರ ಡಿಸೆಂಬರ್ 31ರಂದು ತೀರಿಕೊಂಡಿದ್ದರು. ಅದಕ್ಕೆ ಬರುವ ಉಲ್ಲೇಖವು ಅಷ್ಟೂ ಮಂದಿಯ ಲೆಕ್ಕಕ್ಕೆ ಒಂದೇ ಸಮನಾಗಿ ಸೇರುವುದು. ಯಾರು ಎಷ್ಟು ದುಡಿದರೆಂಬುದನ್ನು ಅಂಕ ಹೇಳದು. ವಿಜ್ಞಾನಿ ಇಲ್ಲವಾದ ಬಳಿಕವೂ ಅಂಕ ಬೆಳೆಯುತ್ತ ಹೋಗುವುದು.

ಹಾಗಾದರೆ ಎಣಿಕೆಯನ್ನು ಬಿಟ್ಟುಬಿಡಬೇಕೆ? ಬೇಕಾಗಿಲ್ಲ. ಒಂದೇ ವಿಷಯದಲ್ಲಿ, ಒಂದೇ ಕಾಲದಲ್ಲಿ ದುಡಿದವರನ್ನು ಹೋಲಿಸುವಾಗ ಅದು ಕೆಲಮಟ್ಟಿಗೆ ದಾರಿ ತೋರಬಲ್ಲುದು. ಆದರೆ ಪತ್ರಿಕೆಯ ಅಂಕವನ್ನು ನೋಡಿ ಸಂಶೋಧಕನ ಯೋಗ್ಯತೆಯನ್ನು ತೀರ್ಮಾನಿಸಬಾರದೆಂದು, 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಪತ್ರಿಕಾ ಸಂಪಾದಕರೂ ಪ್ರಕಾಶಕರೂ ರೂಪಿಸಿದ ಘೋಷಣೆಯೇ ಹೇಳುತ್ತದೆ. ಒಂದು ಲೇಖನವನ್ನು ಇನ್ನೊಬ್ಬ ವಿಜ್ಞಾನಿ ಬಳಸಿದರೆ ಸೂಚಿಯಲ್ಲಿ ಅದು ದಾಖಲಾಗುತ್ತದೆ. ಅದರ ಫಲವಾಗಿ ಕಪಿಲೆಯ ದಂಡೆಯ ತೋಟದಲ್ಲಿ ಒಂದು ರಸಬಾಳೆ ಉಳಿದರೆ, ಚಂದ್ರಂಕಿಯಲ್ಲಿ ಒಂದು ಹುಳು ಸಾಯದೆ ಗೂಡು ಕಟ್ಟಿದರೆ, ಅದು ಯಾವ ಸೂಚಿಗೂ ಸೇರದು. ಆದುದರಿಂದ ವಿಜ್ಞಾನಿಯ ಕೆಲಸವನ್ನು ತೂಗಹೊರಟವರು ಅಂಕವನ್ನು ನೋಡಲಿ, ಲೇಖನವನ್ನೂ ಓದಲಿ, ಬಳಿಕ ತೋಟವನ್ನೂ ಹುಳುಮನೆಯನ್ನೂ ಒಮ್ಮೆ ಕಂಡು ಬರಲಿ.