ಸೂಜಿ ಚಿಕಿತ್ಸೆಯಲ್ಲಿ ಸೂಜಿಯ ಆಯ್ಕೆ

ಭತ್ತದ ನಾಟಿ ಮುಗಿಯುವ ಹೊತ್ತಿಗೆ ಸೊಂಟ ಹಿಡಿದುಕೊಂಡವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಇವರಲ್ಲಿ ಕೆಲವರು ಚೀನಾ ದೇಶದ ಅಕ್ಯುಪಂಕ್ಚರ್, ಅಂದರೆ ಸೂಜಿ ಚಿಕಿತ್ಸೆಗೆ ಹೋಗುವುದುಂಟು. ಬಹುದಿನದ ಸೊಂಟನೋವಿಗೆ ಇದರಿಂದ ಸ್ವಲ್ಪ ಉಪಶಮನ ದೊರೆಯಬಹುದು. ಸಕಲ ರೋಗಕ್ಕೂ ಇದೇ ಮದ್ದೆಂಬ ಮಾತನ್ನು ನಂಬಬೇಕಾಗಿಲ್ಲ. ಕಾಲಿನ ಶಕ್ತಿ ಕುಂದಿದ್ದರೆ ಅಥವಾ ಮೂತ್ರದ ಹತೋಟಿ ತಪ್ಪಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.

ನಾನು ಬೇಸಾಯಶಾಸ್ತ್ರದವನು, ವೈದ್ಯನಲ್ಲ. ನನ್ನ ಸೊಂಟನೋವಿಗೆಂದು ಒಂದು ಶಿಬಿರಕ್ಕೆ ಹೋದಾಗ, ಒಬ್ಬರಿಗೆ ಚುಚ್ಚಿದ ಸೂಜಿಗಳನ್ನು ಸ್ಪಿರಿಟ್ ಬಟ್ಟಲಿಗೆ ಹಾಕಿ ಮತ್ತೊಬ್ಬರಿಗೆ ಚುಚ್ಚುವುದನ್ನು ಕಂಡು ಎದ್ದು ಬಂದೆ. ಅನಂತರ ತಿಳಿದವರಿಂದ ವಿಚಾರಿಸಿದ ಸಂಗತಿಗಳನ್ನು ಇಲ್ಲಿ ಕೊಟ್ಟಿದೆ.

ಚುಚ್ಚುಮದ್ದಿನ ಸೂಜಿ ಟೊಳ್ಳು; ಅದರ ತುದಿ ಓರೆಯಾಗಿ ಹರಿತವಾಗಿರುತ್ತದೆ. ಈ ಚಿಕಿತ್ಸೆಯ ಸೂಜಿ ಗಟ್ಟಿಯಾದ ಸ್ಟೇನ್‌ಲೆಸ್ ಉಕ್ಕಿನ ತಂತಿ. ದಪ್ಪ ಸಾಮಾನ್ಯವಾಗಿ 0.16ರಿಂದ 0.30 ಮಿ.ಮೀ. ಮಾತ್ರ. ಮುಖಕ್ಕೆ 13–15 ಮಿ.ಮೀ. ಉದ್ದದ ಸಣ್ಣ ಸೂಜಿ, ಕೈಕಾಲಿಗೆ 25–40 ಮಿ.ಮೀ., ಮಾಂಸ ತುಂಬಿದ ಪೃಷ್ಠಕ್ಕೆ 50 ಮಿ.ಮೀ. ಅಥವಾ ಹೆಚ್ಚು. ಉದ್ದ ಹೆಚ್ಚಿದಂತೆ ದಪ್ಪವೂ ಹೆಚ್ಚಬೇಕು, ಇಲ್ಲವಾದರೆ ಸೂಜಿ ಬಾಗುತ್ತದೆ. ಭೂಮಿ ನೋಡಿ ಕೂರಿಗೆಯ ಆಳ ಗೊತ್ತುಮಾಡುವಂತೆ, ಇಲ್ಲಿ ದೇಹದ ಭಾಗ ಮತ್ತು ರೋಗಿಯ ಮೈಕಟ್ಟು ನೋಡಬೇಕು.

ಎದೆ ಮತ್ತು ಮೇಲ್ಬೆನ್ನಿನಲ್ಲಿ ವಿಶೇಷ ಎಚ್ಚರ ಅಗತ್ಯ. ತೆಳ್ಳಗಿನ ಮೈಯವರಲ್ಲಿ ಚರ್ಮದಿಂದ ಶ್ವಾಸಕೋಶ ಹೆಚ್ಚು ದೂರವಿರುವುದಿಲ್ಲ. ಉದ್ದ ಸೂಜಿ ನೆಟ್ಟಗೆ ಇಳಿದರೆ ಶ್ವಾಸಕೋಶ ತೂತಾಗಿ ಪ್ರಾಣಾಪಾಯ ಒದಗಬಹುದು. ಆದುದರಿಂದ ಅಲ್ಲಿ ಗಿಡ್ಡ ಸೂಜಿಯನ್ನು ಓರೆಯಾಗಿ, ಮೇಲುಮೇಲಕ್ಕೆ ಚುಚ್ಚುತ್ತಾರೆ. ಚಿಕಿತ್ಸೆಯ ನಂತರ ಏದುಸಿರು ಅಥವಾ ಎದೆನೋವು ಬಂದರೆ, ಮರುದಿನ ಬಂದರೂ ಸರಿ, ಕೂಡಲೇ ಆಸ್ಪತ್ರೆ ಸೇರಬೇಕು.

ಯಾವ ಭಾಗದಲ್ಲೇ ಆಗಲಿ, ಸೂಜಿಯನ್ನು ಹಿಡಿಯವರೆಗೆ ಹುಗಿಯಬಾರದು. ಸೂಜಿ ಮುರಿಯುವ ಸಂಭವ ಹೆಚ್ಚಾಗಿರುವುದು ಹಿಡಿ ಸೇರುವ ಬುಡದಲ್ಲಿ. ಸ್ವಲ್ಪ ಹೊರಗೆ ಉಳಿದಿದ್ದರೆ ಮುರಿದದ್ದನ್ನು ಎಳೆದು ತೆಗೆಯಬಹುದು.

ಒಮ್ಮೆ ಬಳಸಿ ಎಸೆಯುವ ಸೂಜಿಯನ್ನೇ ಕೇಳಿರಿ. ಪೊಟ್ಟಣ ಹರಿದಿರಬಾರದು, ಅವಧಿ ಮೀರಿರಬಾರದು, ಅದನ್ನು ನಿಮ್ಮೆದುರಿಗೇ ಒಡೆಯಬೇಕು. ಸ್ಪಿರಿಟ್‌ನಲ್ಲಿ ಅದ್ದುವುದನ್ನು ನಂಬುವಂತಿಲ್ಲ. ಕುದಿಸಿದರೂ ಎಲ್ಲ ಸೂಕ್ಷ್ಮಜೀವಿಗಳು ಸಾಯುವುದಿಲ್ಲ. ಹೆಪಟೈಟಿಸ್ ‘ಬಿ’ ಕಾಮಾಲೆ ಹೀಗೆ ಒಬ್ಬರಿಂದೊಬ್ಬರಿಗೆ ಹರಡಿದ್ದುಂಟು. ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು, ಗರ್ಭಿಣಿಯರು, ನಿಕಲ್ ಲೋಹ ಒಗ್ಗದವರು ಮೊದಲೇ ತಿಳಿಸಬೇಕು. ಚುಚ್ಚಿದ ಸೂಜಿಗಳೆಷ್ಟು, ತೆಗೆದವೆಷ್ಟು ಎಂದು ಎಣಿಸಲು ಹೇಳಿರಿ. ತಲೆಗೂದಲಿನ ನಡುವೆ ಒಂದು ಉಳಿದುಬಿಡುವುದು ಸುಲಭ.